ಆಮೆ ಇರೋ ಮನೆಗೆ ಚಿಗಟದ ಸ್ಪ್ರೇ ಹೊಡೆಸಬೇಡಿ

ಹೋದ ವರ್ಷ ಆಗಸ್ಟ್‌ನಲ್ಲಿ ನಮ್ಮ ಮನೆಯ ಎರಡು ಆಮೆಗಳಲ್ಲಿ ಚಿಕ್ಕದು ಸತ್ತುಹೋಯಿತು. ಚಿಗಟಕ್ಕೆ ಅಂತ ಹೊಡೆಸಿದ ಔಷಧಿಯಿಂದ. ಇದನ್ನು ಬರೆಯಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೆ, ಕೈ ಬರಲಿಲ್ಲ. ಈ ಮಳೆಗಾಲದಲ್ಲಿ ನಾಯಿ ಸಾಕಿರುವ ಮೂವರು ಗೆಳತಿಯರು ಫೋನ್ ಮಾಡಿ, "ಮನೆ ತುಂಬಾ ಚಿಗಟ, ಯಾವ ಸ್ಪ್ರೇ ಒಳ್ಳೇದು?" ಅಂತ ಕೇಳಿದರು. ಒಬ್ಬಳ ಮನೆಯಲ್ಲಿ ಆಮೆ ಇದೆ. ಇನ್ನೊಬ್ಬಳ ಮಗ ಗೆಕ್ಕೊ ಹಲ್ಲಿ ಸಾಕಿದ್ದಾನೆ. ಇನ್ನು ಸುಮ್ಮನಿರುವುದು ತಪ್ಪಾಗುತ್ತದೆ.

ನಮ್ಮದು ಬೆಂಗಳೂರಿನಲ್ಲಿ ನೆಲಮಹಡಿ ಮನೆ. ನಾಯಿ ಕರಿಯ, ಬೀದಿಯಿಂದ ಎತ್ತಿಕೊಂಡು ಬಂದ ಮರಿ, ಈಗ ಆರು ವರ್ಷ. ಆಮೆಗಳು ಅಂಗಡಿಯಲ್ಲಿ ಮಾರುವ ಕೆಂಪು ಕಿವಿಯ ಸ್ಲೈಡರ್ ಜಾತಿಯವು. (ನಕ್ಷತ್ರ ಆಮೆಯನ್ನು ಯಾರಾದರೂ ಸುಮ್ನೆ ಕೊಡ್ತೀನಿ ಅಂದರೂ ತರಬೇಡಿ, ಅದನ್ನು ಸಾಕುವುದು ಅಪರಾಧ.) ಹೋದ ವರ್ಷ ಶ್ರಾವಣದಲ್ಲಿ ಹತ್ತು ದಿನ ಸಾಗರಕ್ಕೆ ಹೋಗಿದ್ದೆವು. ಕರಿಯನೂ ಜೊತೆಗೇ ಬಂದಿದ್ದ, ಆಮೆಗಳು ಪಕ್ಕದ ಮನೆಯಲ್ಲಿದ್ದವು. ವಾಪಸು ಬಂದು ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ, ಕಾಲ ಮೇಲೆ ಎಳ್ಳು ಚೆಲ್ಲಿದ ಹಾಗೆ ಚಿಗಟ. ಮಗಳ ಬಿಳಿ ಸಾಕ್ಸ್ ಮೇಲೇ 17 ಎಣಿಸಿದೆ.

ಅತ್ತೆ ಗಾಬರಿಯಾದರು. ಅವರಿಗೆ ಚಿಗಟ ಅಂದರೆ ಪ್ಲೇಗು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ಅವರು. ಆ ರೋಗ ಹರಡಿದ್ದು ಇಲಿಯ ಚಿಗಟದಿಂದ. ನಾಯಿಯ ಮೈಮೇಲೆ ಸಾಮಾನ್ಯವಾಗಿ ಇರುವುದು ಬೇರೆ, ಬೆಕ್ಕಿನ ಚಿಗಟ ಅಂತ ಕರೆಯುವ ಜಾತಿ. ಆದರೆ ಅವತ್ತು ಇದನ್ನೆಲ್ಲ ಹೇಳುವಷ್ಟು ನನಗೂ ಗೊತ್ತಿರಲಿಲ್ಲ. ಮಾರನೇ ದಿನವೇ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದೆವು.

"ಹರ್ಬಲ್ ಮೇಡಂ, ಮಕ್ಕಳಿದ್ರೂ ಏನೂ ಆಗಲ್ಲ" ಅಂದರು. ಆಮೆ ತೊಟ್ಟಿಗೆ ಒಂದು ಬಟ್ಟೆ ಮುಚ್ಚಿ ಸಾಕು ಅಂದರು. ಮುಚ್ಚಿದೆ. ಕರಿಯನನ್ನು ಕರೆದುಕೊಂಡು ನಾವೆಲ್ಲ ನಾಲ್ಕು ಗಂಟೆ ಹೊರಗಿದ್ದೆವು. ಮಾರನೇ ದಿನ ಚಿಕ್ಕ ಆಮೆ ತಿನ್ನಲಿಲ್ಲ. ಒಂದು ಕಡೆ ವಾಲಿಕೊಂಡು ಈಜುತ್ತಿತ್ತು, ಕಾಲು ನಡುಗುತ್ತಿತ್ತು. ಡಾಕ್ಟರ ಹತ್ತಿರ ಓಡಿದೆವು. ಅವರು ಕೇಳಿದ ಮೊದಲ ಪ್ರಶ್ನೆ: "ಏರ್ ಪಂಪ್ ಆಫ್ ಮಾಡಿದ್ರಾ?"

ಮಾಡಿರಲಿಲ್ಲ. ಪಂಪ್ ನೆಲದ ಮೇಲಿತ್ತು. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಗುಳ್ಳೆಯಾಗಿ ಬಿಡುವುದೇ ಅದರ ಕೆಲಸ. ಬಟ್ಟೆಯ ಕೆಳಗೆ ನಾಲ್ಕು ಗಂಟೆ ಅದು ಆ ಗಾಳಿಯನ್ನೇ ತುಂಬುತ್ತಿತ್ತು. ಆಮೆ ಉಸಿರಾಡಲು ನೀರಿನ ಮೇಲಕ್ಕೇ ಬರಬೇಕು, ಅಲ್ಲಿದ್ದದ್ದೂ ಅದೇ ಗಾಳಿ. ಮೂರನೇ ದಿನ ಬೆಳಿಗ್ಗೆ ಚಿಕ್ಕದು ಹೋಯಿತು. ದೊಡ್ಡದು, ಗುಂಡ, ದಿನಾ ನೀರು ಬದಲಿಸಿ ಬೆಚ್ಚಗೆ ಇಟ್ಟ ಮೇಲೆ ಉಳಿದುಕೊಂಡಿತು.

ಆಮೇಲೆ ಹಟ ಹಿಡಿದು ಔಷಧಿಯ ಹೆಸರು ಕೇಳಿ ಪಡೆದೆ. ಸೈಪರ್ಮೆತ್ರಿನ್. ಇದು ಪೈರೆಥ್ರಾಯ್ಡ್ ಗುಂಪಿನದು. ಸೇವಂತಿಗೆ ಕುಲದ ಒಂದು ಹೂವಿನಲ್ಲಿ ಕೀಟ ಕೊಲ್ಲುವ ಗುಣ ಇದೆ, ಅದನ್ನು ನೋಡಿ ಕಾರ್ಖಾನೆಯಲ್ಲಿ ಮಾಡಿದ ರಾಸಾಯನಿಕಗಳು ಇವು. ಹೂವಿನ ಕಥೆ ಹೇಳಿ ಹರ್ಬಲ್ ಅಂದುಬಿಟ್ಟರೆ ನಾವು ನಂಬುತ್ತೇವೆ. ಮೀನಿಗೆ ಇವು ಘೋರ ವಿಷ. ನಾಯಿಗೆ ಹಾಕುವ, ಇದೇ ಗುಂಪಿನ ಪರ್ಮೆತ್ರಿನ್ ಬೆಕ್ಕಿಗೆ ತಾಗಿದರೆ ಬೆಕ್ಕು ಸಾಯಬಹುದು. ತಣ್ಣನೆ ಮೈಯ ಆಮೆ, ಹಲ್ಲಿ, ಹಾವುಗಳು ಒಳಗೆ ಹೋದ ವಿಷವನ್ನು ನಮ್ಮಷ್ಟು ಬೇಗ ಹೊರಹಾಕಲಾರವು.

ಇಷ್ಟೆಲ್ಲ ಆಗಿಯೂ ಹನ್ನೆರಡನೇ ದಿನಕ್ಕೆ ಚಿಗಟ ಮತ್ತೆ ಬಂತು!

ಯಾಕೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ನಮ್ಮ ಕಣ್ಣಿಗೆ ಬೀಳುವ ದೊಡ್ಡ ಚಿಗಟ ಮನೆಯಲ್ಲಿರುವ ಒಟ್ಟು ಸಂತಾನದಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಮಿಕ್ಕಿದ್ದು ಮೊಟ್ಟೆ, ಮರಿಹುಳು, ಗೂಡು. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡುತ್ತದೆ. ಉಪ್ಪಿನ ಹರಳಿನ ಹಾಗಿರುವ ಮೊಟ್ಟೆ ನಾಯಿ ಮೈಯಿಂದ ಜಾರಿ ಅದು ಮಲಗಿದ ಕಡೆಯೆಲ್ಲ ಬೀಳುತ್ತದೆ. ಮರಿಹುಳು ಬೆಳಕು ಕಂಡರೆ ಸೋಫಾದ ಸಂದಿಗೆ, ಚಾಪೆಯ ಅಡಿಗೆ ಸೇರಿಕೊಂಡು, ದೊಡ್ಡ ಚಿಗಟಗಳು ಉದುರಿಸಿದ ಒಣ ರಕ್ತದ ಹಿಕ್ಕೆ ತಿಂದು ಬೆಳೆಯುತ್ತದೆ. ಆಮೇಲೆ ರೇಷ್ಮೆಹುಳುವಿನ ಥರ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡಿನೊಳಗೆ ಯಾವ ಸ್ಪ್ರೇಯೂ ಸರಿಯಾಗಿ ಇಳಿಯುವುದಿಲ್ಲ. ಒಳಗೆ ತಿಂಗಳುಗಟ್ಟಲೆ ಕಾಯುತ್ತಾ ಕೂರಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಬಿಟ್ಟ ಉಸಿರು ಗೊತ್ತಾದರೆ ಚಕ್ಕನೆ ಹೊರಗೆ ಹಾರುತ್ತದೆ. ಹತ್ತು ದಿನ ಮುಚ್ಚಿದ್ದ ಮನೆಗೆ ಕಾಲಿಟ್ಟ ಕೂಡಲೇ ಅಷ್ಟೊಂದು ಬಂದದ್ದು ಇದಕ್ಕೇ.

ಹಾಗಾದರೆ ಮಾಡುವುದೇನು? ನಾಯಿಯನ್ನೇ ಬಲೆ ಮಾಡುವುದು. ಚಿಗಟಕ್ಕೆ ಬೇಕಿರುವುದು ಬಿಸಿ ರಕ್ತದ ಮೈ. ಆಮೆ, ಹಲ್ಲಿಗಳ ಮೇಲೆ ಅದು ಬದುಕುವುದಿಲ್ಲ, ಹಾಗಾಗಿ ಅವಕ್ಕೆ ಚಿಗಟದ ಔಷಧಿಯೇ ಬೇಡ. ಗೂಡಿನಿಂದ ಬಂದ ಪ್ರತಿ ಚಿಗಟವೂ ಕೊನೆಗೆ ಕರಿಯನನ್ನೇ ಹುಡುಕಿಕೊಂಡು ಬರುತ್ತದೆ. ಕರಿಯನ ರಕ್ತದಲ್ಲಿ ಔಷಧಿ ಇದ್ದರೆ ಕಚ್ಚಿದ ಚಿಗಟ ಸಾಯುತ್ತದೆ. ಅದಕ್ಕೆ ತಿನ್ನಿಸುವ ಮಾತ್ರೆಗಳಿವೆ. ನೆಕ್ಸ್‌ಗಾರ್ಡ್ ತಿಂಗಳಿಗೊಮ್ಮೆ, ಬ್ರಾವೆಕ್ಟೋ ಮೂರು ತಿಂಗಳಿಗೊಮ್ಮೆ. ಗಾಳಿಗೆ ಏನೂ ಹೋಗುವುದಿಲ್ಲ, ಆಮೆಯ ನೀರಿಗೆ ಏನೂ ಬೀಳುವುದಿಲ್ಲ. ಅಗ್ಗದ್ದಲ್ಲ, ನಿಜ. ಆದರೆ ಸ್ಪ್ರೇಗೆ ಕೊಟ್ಟ ದುಡ್ಡೂ ಹೋಯಿತು, ಆಮೆಯೂ ಹೋಯಿತು ಅಲ್ವಾ?

ಒಂದು ಎಚ್ಚರಿಕೆ. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಹೇಳಿದೆ. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ದೊಡ್ಡ ನಾಯಿಯ ಮಾತ್ರೆ ಮುರಿದು ಚಿಕ್ಕದಕ್ಕೆ ಕೊಡುವ ಉಳಿತಾಯ ಬೇಡ, ತೂಕ ನೋಡಿಯೇ ಕೊಡಬೇಕು.

ಮಿಕ್ಕಿದ್ದೆಲ್ಲ ಮೈಮುರಿಯುವ ಕೆಲಸ. ಮೊದಲೆರಡು ವಾರ ದಿನಾ ವ್ಯಾಕ್ಯೂಮ್ ಹಾಕಿದೆ, ಸೋಫಾದ ಸಂದಿ, ಮಂಚದ ಅಡಿ, ಕರಿಯ ಮಲಗುವ ಮೂಲೆ. ಅದರ ಅದುರಿಗೆ ಗೂಡಿನಲ್ಲಿದ್ದವೂ ಎದ್ದು ಬರುತ್ತವೆ, ಅದೂ ಒಳ್ಳೆಯದೇ. ಕಸವನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಆಗಲೇ ಹೊರಗೆ ಹಾಕಬೇಕು. ಕರಿಯನ ಹಾಸಿಗೆ, ಬೆಡ್‌ಶೀಟ್‌ಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು, ಬಿಸಿಲು ಬಂದಾಗ ಚೆನ್ನಾಗಿ ಒಣಗಿಸಿದೆ. ಮರಿಹುಳು ಒಣ ಬಿಸಿಲಿಗೆ ತಡೆಯುವುದಿಲ್ಲ. ದಿನಾ ಸಂಜೆ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಕರಿಯನ ಬಾಲದ ಬುಡ ಬಾಚಿ, ಉದುರಿದ್ದನ್ನು ಒದ್ದೆ ಬಿಳಿ ಪೇಪರ್ ಮೇಲೆ ಹಾಕುತ್ತಿದ್ದೆ. ಮೆಣಸಿನ ಪುಡಿಯಂಥ ಚುಕ್ಕಿ ಕೆಂಪಗೆ ಕರಗಿದರೆ ಅದು ಚಿಗಟದ ಹಿಕ್ಕೆ. ಕರಗದೆ ಹಾಗೇ ಉಳಿದರೆ ಬರೀ ಮಣ್ಣು. ಚಿಗಟ ನುಂಗಿದ ನಾಯಿಗೆ ಲಾಡಿಹುಳು ಆಗಬಹುದು, ಅದಕ್ಕೂ ಔಷಧಿ ಕೊಡಿಸಿದೆವು.

ಮನೆಮದ್ದು ಹೇಳಿದವರು ಬಹಳ ಜನ. ನುಸಿಗುಳಿಗೆ, ಕರ್ಪೂರ, ಟೀ ಟ್ರೀ ಎಣ್ಣೆ. ಮೂರೂ ನಾಯಿಯ ಹೊಟ್ಟೆಗೆ ಹೋದರೆ ವಿಷ. ಇರುವೆಗೆ ಗೀಚುವ ಚಾಕ್‌ನಲ್ಲಿ ಇರುವುದೂ ಅದೇ ಪೈರೆಥ್ರಾಯ್ಡ್. ಅದನ್ನು ಆಮೆ ಓಡಾಡುವ ನೆಲದ ಮೇಲೆ ಎಳೆಯುವುದು ನನ್ನ ಕೈಲಿ ಆಗಲ್ಲ. ಒಬ್ಬರು "ನಾಯಿಗೆ ಹುಳಕ್ಕೆ ಕೊಡೋ ಐವರ್ಮೆಕ್ಟಿನ್ನೇ ಆಮೆಗೂ ಒಂದು ಹನಿ ಹಾಕಿ" ಅಂದರು. ದಯವಿಟ್ಟು ಬೇಡ, ಆಮೆಗೆ ಅದು ಪ್ರಾಣ ತೆಗೆಯುವ ಔಷಧಿ. "ಕೆರೆಗೆ ಬಿಟ್ಟುಬಿಡಿ, ತಲೆನೋವೇ ಇರಲ್ಲ" ಅಂದವರೂ ಇದ್ದಾರೆ. ಈ ಸ್ಲೈಡರ್ ಅಮೆರಿಕದ್ದು. ನಮ್ಮ ಕೆರೆಗೆ ಬಿಟ್ಟರೆ ಇಲ್ಲಿನ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ.

ನಾಯಿಯ ಬೆನ್ನಿಗೆ ಹನಿ ಹಾಕುವ ಔಷಧಿಯನ್ನೇ ಬಳಸುತ್ತಿದ್ದರೆ, ಎರಡು ದಿನ ಅದು ಆಮೆಯ ತೊಟ್ಟಿಯ ನೀರು ಕುಡಿಯದ ಹಾಗೆ, ಆಮೆ ಅದರ ಹಾಸಿಗೆ ಹತ್ತದ ಹಾಗೆ ನೋಡಿಕೊಳ್ಳಿ. ನಾಯಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ತೊಟ್ಟಿಗೆ ಹಾಕಿ. ಬಾಡಿಗೆ ಮನೆ, ಓನರ್ ಕೇಳುವುದಿಲ್ಲ, ಸ್ಪ್ರೇ ಹೊಡೆಸಲೇಬೇಕು ಅಂತಾದರೆ, ತೊಟ್ಟಿ, ಪಂಪ್, ಫಿಲ್ಟರ್, ಆಹಾರ ಎಲ್ಲವನ್ನೂ ಬೇರೆ ಮನೆಗೆ ಸಾಗಿಸಿ. ಬಟ್ಟೆ ಮುಚ್ಚಿದರೆ ಸಾಲದು. ನೆಲ ಪೂರ್ತಿ ಒಣಗಿ, ಕಿಟಕಿ ತೆಗೆದು ಒಂದು ದಿನವಾದರೂ ಗಾಳಿ ಆಡಿದ ಮೇಲೆ ವಾಪಸು ತನ್ನಿ.

ನಮಗೆ ಪೂರ್ತಿ ಮೂರು ತಿಂಗಳು ಹಿಡಿಯಿತು. ಮಾತ್ರೆ ಕೊಟ್ಟು ಐದು ವಾರ ಆದಮೇಲೂ ಒಂದೊಂದು ಚಿಗಟ ಕಾಣುತ್ತಿತ್ತು, ಅತ್ತೆ ಮತ್ತೆ ಸ್ಪ್ರೇಯ ಮಾತು ಎತ್ತಿದ್ದರು. ಹಳೇ ಗೂಡಿನವು ಹೊರಬರುತ್ತಿವೆ, ಕಚ್ಚಿ ಸಾಯಲಿ ಬಿಡಿ ಅಂತ ಡಾಕ್ಟರೇ ಫೋನಿನಲ್ಲಿ ಅವರಿಗೆ ಹೇಳಿದರು. ಈ ಸಲ ಜೂನ್‌ನಲ್ಲಿ ಮಳೆ ಶುರುವಾಗುವ ಮೊದಲೇ ಕರಿಯನಿಗೆ ಮಾತ್ರೆ ಕೊಟ್ಟೆವು. ಮಗಳು ಈಗಲೂ ಭಾನುವಾರ ಬಿಳಿ ಸಾಕ್ಸ್ ಹಾಕಿಕೊಂಡು ಮನೆಯೆಲ್ಲ ಓಡಾಡಿ ಬಂದು ಕಾಲು ತೋರಿಸುತ್ತಾಳೆ. ಈ ಭಾನುವಾರ ಒಂದೂ ಇರಲಿಲ್ಲ.