ಒಳಮನಸ್ಸು ಹೇಳಿದಂತೆ, ಈ ಕ್ಷಣದಲ್ಲೇ ಬದುಕಬೇಕೇ?

ಪರ: ಮಾನಿಟರ್ ಅಲ್ಲ, ಮಗುವನ್ನು ನೋಡಿ

ನಾನು 22 ವರ್ಷ ನರ್ಸ್ ಆಗಿದ್ದವಳು. ಅದರಲ್ಲಿ 14 ವರ್ಷ ಎನ್‌ಐಸಿಯುನಲ್ಲಿ, ಅಂದರೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ವಾರ್ಡಿನಲ್ಲಿ. ಹಾಗಾಗಿ "ಈ ಕ್ಷಣದಲ್ಲಿ ಬದುಕಿ" ಅನ್ನೋದು ನನಗೆ ಗೋಡೆಗೆ ಅಂಟಿಸುವ ಸುವಾಕ್ಯ ಅಲ್ಲ. ಅದು ಡ್ಯೂಟಿ.

ಒಂದು ರಾತ್ರಿಯ ಕಥೆ ಹೇಳಿಯೇ ಮುಂದೆ ಹೋಗುತ್ತೇನೆ. ಮಗು ಹುಟ್ಟಿ ಒಂಬತ್ತು ದಿನ. ಚಾರ್ಟ್ ನೋಡಿದರೆ ಎಲ್ಲ ಸರಿ. ಎದೆಬಡಿತ ಸರಿ, ಆಕ್ಸಿಜನ್ ಸರಿ, ಜ್ವರ ಇಲ್ಲ. ಹಿಂದಿನ ಶಿಫ್ಟಿನವರು "ಇವನು ಆರಾಮಾಗಿದ್ದಾನೆ ಸಿಸ್ಟರ್" ಅಂತ ಹೇಳಿ ಮನೆಗೆ ಹೋಗಿದ್ದರು. ಡೈಪರ್ ಬದಲಿಸಲು ಕಾಲು ಹಿಡಿದೆ. ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈಗ ಯೋಚಿಸಿದರೆ ಹೊಳೆಯುತ್ತದೆ. ಕಾಲು ಮುಟ್ಟಿದರೆ ಸಾಕು, ಒದೆಯುತ್ತಿದ್ದ ಮಗು ಅದು. ಅವತ್ತು ಕಾಲನ್ನು ನನ್ನ ಕೈಗೆ ಬಿಟ್ಟುಕೊಟ್ಟಿತ್ತು. ಕೆನ್ನೆಯ ಕೆಂಪೂ ಕೂದಲೆಳೆಯಷ್ಟು ಇಳಿದಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ.

"ರೀಡಿಂಗ್ ಹೇಗಿದೆ?"

"ಸರಿ ಇದೆ ಸರ್."

"ಮತ್ತೆ?"

ಆ "ಮತ್ತೆ"ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಒಂದು ಸಲ ಬಂದು ನೋಡಿ ಸರ್" ಅಂದೆ. ಮುಖ ಗಂಟು ಹಾಕಿಕೊಂಡೇ ಬಂದರು. ನೋಡಿದರು. ನನಗೆ ಏನೂ ಹೇಳಲಿಲ್ಲ. ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಸಿ, ಆಂಟಿಬಯೋಟಿಕ್ ಶುರು ಮಾಡಿಸಿದರು. ನಾಲ್ಕು ಗಂಟೆ ಕಳೆದ ಮೇಲೆ ಮಾನಿಟರ್ ಕೂಗಿಕೊಂಡಿತು. ಮಗುವಿನ ಉಸಿರು ನಿಂತು ನಿಂತು ಬರುತ್ತಿತ್ತು. ರಕ್ತಕ್ಕೆ ಸೋಂಕು ತಗುಲಿತ್ತು. ಅಷ್ಟು ಹೊತ್ತಿಗೆ ಮೊದಲ ಡೋಸ್ ಒಳಗೆ ಹೋಗಿಯಾಗಿತ್ತು. ಮಗು ಉಳಿಯಿತು.

ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ಇಂಥ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಯಾವ ಸಿಸ್ಟರನ್ನು ಕೇಳಿದರೂ ಇಂಥದ್ದೊಂದು ರಾತ್ರಿ ಸಿಗುತ್ತದೆ. ಅಮೆರಿಕದಲ್ಲಿ ಸಂಶೋಧಕರು ನಿಜಕ್ಕೂ ಕೇಳಿದರು. 1993ರಲ್ಲಿ ಪ್ರಕಟವಾದ ಅಧ್ಯಯನ ಅದು. ಮಗುವಿಗೆ ಸೋಂಕು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ ಅನುಭವಿ ನರ್ಸ್‌ಗಳನ್ನು ಬಿಡದೆ ಕೆದಕಿದರು. ಹೊರಬಂದ ಸುಳಿವುಗಳಲ್ಲಿ ಎಷ್ಟೋ ಅಂಶ ಅವತ್ತಿನ ವೈದ್ಯಕೀಯ ಬರಹಗಳಲ್ಲೇ ಇರಲಿಲ್ಲ! ಗ್ಯಾರಿ ಕ್ಲೈನ್ ಅನ್ನುವ ಮನೋವಿಜ್ಞಾನಿ ಅಗ್ನಿಶಾಮಕ ದಳದವರನ್ನು ಮಾತಾಡಿಸಿದಾಗಲೂ ಇದೇ ಆಯಿತು. ಉರಿಯುವ ಮನೆಯೊಳಗೆ ನಿಂತು ಅವರು ಎರಡು ಉಪಾಯ ತೂಗಿ ನೋಡುವುದಿಲ್ಲ. ಕಂಡ ತಕ್ಷಣ ಒಂದು ಹೊಳೆಯುತ್ತದೆ, ಅದನ್ನೇ ಮಾಡುತ್ತಾರೆ.

ಒಳಮನಸ್ಸು ಅಂದರೆ ಆಕಾಶವಾಣಿ ಅಲ್ಲ. ಕಣ್ಣು ಮತ್ತು ಕೈ ಕಂಡ ಸುದ್ದಿ ಅದು. ಬಾಯಿಗೆ ಇನ್ನೂ ಮಾತು ಸಿಕ್ಕಿರುವುದಿಲ್ಲ, ಅಷ್ಟೇ. ಆದರೆ ಕೈ ಸುದ್ದಿ ತರಬೇಕಾದರೆ ನಾವು ಆ ಕೈಯ ಜೊತೆ ಇರಬೇಕಲ್ಲ? ಮರುದಿನ ನನ್ನ ಮಗಳಿಗೆ ಪರೀಕ್ಷೆ ಇತ್ತು. ನನ್ನ ತಲೆ ಆ ಪರೀಕ್ಷೆಯಲ್ಲಿದ್ದಿದ್ದರೆ ಕಾಲು ಸುಮ್ಮನಿದ್ದದ್ದು ಕೈಗೆ ತಿಳಿಯುತ್ತಲೇ ಇರಲಿಲ್ಲ. ಈ ಕ್ಷಣದಲ್ಲಿ ಇರುವುದು, ಒಳಮನಸ್ಸಿನ ಮಾತು ಕೇಳುವುದು, ಇವೆರಡನ್ನೂ ಜನ ಬೇರೆ ಬೇರೆ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಕಂಡಿಲ್ಲ.

ನಾವು ಎಷ್ಟು ಹೊತ್ತು ಇಲ್ಲಿ ಇರುವುದೇ ಇಲ್ಲ ಅನ್ನುವುದಕ್ಕೂ ಲೆಕ್ಕ ಇದೆ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು 2,250 ಜನರಿಗೆ ದಿನದಲ್ಲಿ ಆಗಾಗ ಫೋನ್ ಮೂಲಕ ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ ಅಂತ ಕೇಳಿದರು. ಶೇ. 46.9ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹೀಗೆ ಅಲೆಯುವಾಗ ಜನ ಖುಷಿಯಾಗಿರಲಿಲ್ಲ. ಒಳ್ಳೆಯ ವಿಷಯದ ಕಡೆಗೇ ಅಲೆದಿದ್ದರೂ, ಕೈಯಲ್ಲಿದ್ದ ಕೆಲಸದಲ್ಲೇ ಇದ್ದವರಿಗಿಂತ ಜಾಸ್ತಿ ಖುಷಿ ಸಿಗಲಿಲ್ಲ.

ಎಲ್ಲರೂ ಹೀಗೆ ಬದುಕಿದರೆ ನಾಳೆಯ ಗತಿ ಏನು ಅಂತ ಕೇಳುವವರಿದ್ದಾರೆ. ಇವರನ್ನು ನಾನು ಬಲ್ಲೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರು. ನಮ್ಮ ವಾರ್ಡಿನಲ್ಲಿ ಆ ಗಾದೆಯನ್ನು ಯಾರೂ ತಮಾಷೆಗೆ ಹೇಳುವುದಿಲ್ಲ. ಯಾವ ಶಾಲೆ, ಯಾವ ಓದು ಅಂತ ಎಲ್ಲ ಬರೆದಿಟ್ಟುಕೊಂಡು ಬಂದ ತಂದೆತಾಯಿಯರನ್ನು ನೋಡಿದ್ದೇನೆ. ಎರಡನೇ ವಾರದ ಹೊತ್ತಿಗೆ ಅವರು ಕೇಳುತ್ತಿದ್ದದ್ದು ಒಂದೇ. "ಇವತ್ತು ಎಷ್ಟು ಗ್ರಾಂ ಜಾಸ್ತಿ ಆಯ್ತು ಸಿಸ್ಟರ್?" ಆ ಪ್ರಶ್ನೆ ಕೇಳಲು ಶುರು ಮಾಡಿದವರ ಮುಖ ಸ್ವಲ್ಪ ಹಗುರಾಗುತ್ತಿತ್ತು. ಮಗುವಿನ ಹತ್ತಿರ ಹೆಚ್ಚು ಹೊತ್ತು ಕೂರುತ್ತಿದ್ದರು.

ನನಗೆ ಏನೋ ಅನ್ನಿಸಿ, ಏನೂ ಇಲ್ಲದೆ ಡಾಕ್ಟರನ್ನು ಎಬ್ಬಿಸಿದ ರಾತ್ರಿಗಳೂ ಇವೆ. ಅವನ್ನೆಲ್ಲ ಬರೆಯಲು ಇಲ್ಲಿ ಜಾಗ ಇಲ್ಲ.

ಕೆಲಸ ಬಿಟ್ಟು ಎರಡು ವರ್ಷ ಆಯಿತು. ಈಗಲೂ ಯಾರ ಮಗುವನ್ನು ಎತ್ತಿಕೊಂಡರೂ ಮೊದಲು ಕಾಲು ಹಿಡಿಯುತ್ತೇನೆ. ಒದ್ದರೆ ಸಮಾಧಾನ.

ವಿರೋಧ: ಹಕ್ಕಿಯೂ ಗೂಡು ಕಟ್ಟುತ್ತದೆ

ಮೊದಲೇ ಹೇಳಿಬಿಡುತ್ತೇನೆ, ಈ ಪಕ್ಷ ನಾನು ಆರಿಸಿಕೊಂಡಿದ್ದಲ್ಲ. ವಿರೋಧ ಬರೆಯಲು ಯಾರೂ ಸಿಗಲಿಲ್ಲವಂತೆ. ನಾನು ಆಡಿಟರ್. ತಪ್ಪು ಹುಡುಕುವುದೇ ಇವನ ಕಸುಬು, ಬರೆದುಕೊಡುತ್ತಾನೆ ಅಂದುಕೊಂಡಿರಬೇಕು.

ಪರ ಬರೆದವರ ಲೇಖನ ನಾನು ನೋಡಿಲ್ಲ. ನೋಡದಿದ್ದರೂ ಗೊತ್ತು. ಎಲೆ ಮೇಲಿನ ಇಬ್ಬನಿ, ಉಸಿರಿನ ಮೇಲೆ ಗಮನ, ಹಕ್ಕಿಗೆ ನಾಳೆಯ ಚಿಂತೆ ಇದೆಯೇ ಅನ್ನುವ ಪ್ರಶ್ನೆ. ಇಷ್ಟೇ ಅಲ್ವಾ? ಹಕ್ಕಿ ಕಡ್ಡಿ ಕಚ್ಚಿಕೊಂಡು ಹೋಗುವುದನ್ನು ಇವರು ಒಮ್ಮೆಯಾದರೂ ನೋಡಬೇಕು. ಆ ಕಡ್ಡಿ ಇವತ್ತಿನ ಊಟಕ್ಕಲ್ಲ.

ಪೂರ್ತಿಯಾಗಿ ಈ ಕ್ಷಣದಲ್ಲೇ ಬದುಕಿದ ಒಬ್ಬ ಮನುಷ್ಯನ ಬಗ್ಗೆ ನಮಗೆ ಚೆನ್ನಾಗಿ ಗೊತ್ತಿದೆ. ಹೆನ್ರಿ ಮೊಲೈಸನ್. ಮೂರ್ಛೆ ರೋಗಕ್ಕೆಂದು 1953ರಲ್ಲಿ ಅವನಿಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಆಗ ಅವನಿಗೆ 27 ವರ್ಷ. ಅಲ್ಲಿಂದ 2008ರಲ್ಲಿ ಸಾಯುವ ತನಕ ಹೊಸ ನೆನಪು ಉಳಿಯಲಿಲ್ಲ. ದಶಕಗಳ ಕಾಲ ತನ್ನನ್ನು ಪರೀಕ್ಷಿಸಿದ ವಿಜ್ಞಾನಿ ಎದುರಿಗೆ ಬಂದರೂ ಗುರುತು ಹತ್ತುತ್ತಿರಲಿಲ್ಲ. ಸೌಮ್ಯ ಸ್ವಭಾವದವನು, ಎಲ್ಲರಿಗೂ ಬೇಕಾದವನು. ಆದರೆ ಅವನನ್ನು ಜೀವನಪೂರ್ತಿ ಬೇರೆಯವರು ನೋಡಿಕೊಳ್ಳಬೇಕಾಯಿತು. ಇಂಥ ಹಾನಿಯಾದವರಿಗೆ ನಾಳೆಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ನಿನ್ನೆ ಹೋದರೆ ನಾಳೆಯೂ ಹೋಗುತ್ತದೆ. "ಬರೀ ವರ್ತಮಾನ" ಬೇಕು ಅನ್ನುವವರು ಇದನ್ನು ಯೋಚಿಸಲಿ. (ಯಾರೂ ಅಷ್ಟು ದೂರ ಹೋಗಿ ಎಂದು ಹೇಳಿಲ್ಲ ಅಂತ ನನಗೂ ಗೊತ್ತು. ವಿರೋಧ ಬರೆಯಿರಿ ಅಂದಿದ್ದಾರೆ, ಬರೆಯುತ್ತಿದ್ದೇನೆ.)

ಇನ್ನು ಒಳಮನಸ್ಸು. ಪಾಲ್ ಮೀಲ್ ಅನ್ನುವ ಮನೋವಿಜ್ಞಾನಿ 1954ರಲ್ಲೇ ಇದಕ್ಕೆ ಆಡಿಟ್ ಮಾಡಿಟ್ಟಿದ್ದಾರೆ. ಯಾರು ಓದಿನಲ್ಲಿ ಗೆಲ್ಲುತ್ತಾರೆ, ಜೈಲಿನಿಂದ ಬಿಟ್ಟ ಮೇಲೆ ಯಾರು ಮತ್ತೆ ತಪ್ಪು ಮಾಡುತ್ತಾರೆ, ಇಂಥ ವಿಷಯಗಳಲ್ಲಿ ಪರಿಣತರ ಅಂದಾಜನ್ನೂ ಸರಳವಾದ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹೆಚ್ಚುಕಡಿಮೆ ಎಲ್ಲ ಕಡೆ ಲೆಕ್ಕವೇ ಗೆದ್ದಿತ್ತು ಅಥವಾ ಸಮ ಇತ್ತು. ಒಳಮನಸ್ಸನ್ನು ನಂಬುವವರ ಗುಂಪಿನ ಗ್ಯಾರಿ ಕ್ಲೈನ್, ನಂಬದವರ ಗುಂಪಿನ ಡೇನಿಯಲ್ ಕಾನಮನ್ ಇಬ್ಬರೂ 2009ರಲ್ಲಿ ಸೇರಿ ಬರೆದ ಲೇಖನವೂ ಇದೆ. ಜಗಳ ಆಡಲು ಕೂತವರು ಒಪ್ಪಿಕೊಂಡು ಎದ್ದರು. ವಿಷಯದಲ್ಲಿ ಒಂದು ಕ್ರಮ ಇರಬೇಕು, ಬಹಳ ಕಾಲ ಅಭ್ಯಾಸ ಆಗಿರಬೇಕು, ಮಾಡಿದ್ದು ಸರಿಯೋ ತಪ್ಪೋ ಬೇಗ ತಿಳಿಯಬೇಕು. ಆಗ ಮಾತ್ರ ಹೊಳೆದದ್ದನ್ನು ನಂಬಬಹುದು. ಅಷ್ಟು ಗಟ್ಟಿಯಾಗಿ "ನನಗೆ ಅನ್ನಿಸಿತು" ಅಂತ ಒಬ್ಬರಿಗೆ ಹೇಳಲು ಸಾಧ್ಯವಾದರೂ ಅದನ್ನೇ ಎಲ್ಲರ ಬಾಳಿಗೂ ನಿಯಮ ಮಾಡಲು ಆಗುತ್ತದೆಯೇ? ಮದುವೆ, ಮನೆ, ನೌಕರಿ ಇವೆಲ್ಲ ಜೀವನದಲ್ಲಿ ಒಂದೋ ಎರಡೋ ಸಲ ಬರುವಂಥವು. ಅಭ್ಯಾಸ ಮಾಡುವುದು ಯಾವಾಗ?

ಮನೆ ಅಂದೆ. ನಮ್ಮ ಮನೆ ಕೊಂಡಿದ್ದು ನಾನೇ. ಬೇರೆಯವರ ಪುಸ್ತಕದಲ್ಲಿ ಪೈಸೆ ಬಿಡದೆ ಹುಡುಕುವ ನಾನು ನಮ್ಮ ಮನೆಯನ್ನು ಹತ್ತು ನಿಮಿಷ ನೋಡಿ ಒಪ್ಪಿಕೊಂಡೆ. ಸಂಜೆ ನಾಲ್ಕೂವರೆ. ಪಡಸಾಲೆಯ ನೆಲದ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ಹೆಂಡತಿ ಅಲ್ಲೇ ನೆಲದ ಮೇಲೆ ಕೂತು, "ರೀ, ಸುಮ್ನೆ ಇಲ್ಲಿ ಬಂದು ಕೂತ್ಕೊಳ್ಳಿ" ಅಂದಳು. ಕೂತೆ. ಇದೇ ನಮ್ಮ ಮನೆ ಅನ್ನಿಸಿತು. ಮೇಲೆ ಹತ್ತಿ ತಾರಸಿ ನೋಡಬೇಕು ಅಂತ ಹೊಳೆಯಲಿಲ್ಲ. ಮೊದಲ ಮಳೆಗೆ, ಬಿಸಿಲು ಬಿದ್ದಿದ್ದ ಅದೇ ಜಾಗದಲ್ಲಿ ಟಪ್ ಟಪ್ ಅಂತ ಶುರುವಾಯಿತು. ಬಾಯಾರಿದಾಗ ಬಾವಿ ತೋಡುವುದು ಅಂತ ಗಾದೆ ಇದೆ. ನಮ್ಮದು ತಿರುಗುಮುರುಗು, ನೀರೇನೋ ಬೇಕಾದಷ್ಟು ಇತ್ತು.

ಆ ಮನೆಯಲ್ಲಿ 17 ವರ್ಷ ಆಯಿತು. ಮಾರೋಣ ಅಂತ ಎರಡು ಸಲ ಮಾತು ಬಂತು. ಎರಡೂ ಸಲ ಸಂಜೆ ನಾಲ್ಕೂವರೆ ಹೊತ್ತಿಗೆ ಮಾತು ನಿಂತುಹೋಯಿತು. ಇದು ನನ್ನ ವಾದಕ್ಕೆ ಸಹಾಯ ಮಾಡುವುದಿಲ್ಲ, ಗೊತ್ತು. ಬರೆಯುತ್ತಿದ್ದೇನೆ, ಹೊರಗೆ ಮೋಡ ಕಟ್ಟಿದೆ. ಬಕೆಟ್ ತಂದು ಇಟ್ಟಿದ್ದೇನೆ. ಮೇಸ್ತ್ರಿ ನಾಳೆ ಬರುತ್ತೇನೆ ಅಂದಿದ್ದಾರೆ. ಹೋದ ವಾರವೂ ಹಾಗೇ ಅಂದಿದ್ದರು.