ಪಾಸಾದ ಹೊಗೆ

ಚಾಮುಂಡಿ ಬೆಟ್ಟದ ಏರಿನಲ್ಲಿ ಮುಂದಿರುವ ಟೆಂಪೋ ಭಕ್ ಅಂತ ಕರಿ ಹೊಗೆ ಬಿಟ್ಟರೆ ದಯವಿಟ್ಟು ಮೂಗು ಮುಚ್ಚಿಕೊಳ್ಳಬೇಡಿ. ಹೊಗೆ ಮಿತಿಯಲ್ಲಿದೆ ಅನ್ನುವುದಕ್ಕೆ ಅವರ ಹತ್ತಿರ ಸರ್ಟಿಫಿಕೇಟ್ ಇದೆ. ಕ್ಯೂಆರ್ ಕೋಡ್, ನಂಬರ್ ಪ್ಲೇಟಿನ ಫೋಟೋ ಸಮೇತ. ನಿಮ್ಮ ಕಣ್ಣು ದೊಡ್ಡದೋ, ಸರ್ಕಾರದ ದಾಖಲೆ ದೊಡ್ಡದೋ?

ಈ ಎಮಿಷನ್ ಟೆಸ್ಟ್ ಬಹಳ ಮರ್ಯಾದಸ್ಥ ಪರೀಕ್ಷೆ. ಪೆಟ್ರೋಲ್ ಗಾಡಿಯಾದರೆ ಸೈಲೆನ್ಸರ್‌ಗೆ ಪೈಪು ತೂರಿಸಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎಷ್ಟಿದೆ ನೋಡುತ್ತಾರೆ. ಡೀಸೆಲ್ ಆದರೆ ಆಕ್ಸಿಲರೇಟರ್ ತುಳಿದು ಹೊಗೆ ಎಷ್ಟು ದಟ್ಟ ಅಂತ ಅಳೆಯುತ್ತಾರೆ. ಎಲ್ಲಾ ನಿಂತಲ್ಲೇ. ಲೋಡ್ ಇಲ್ಲ, ಬೆಟ್ಟದ ಏರಿಲ್ಲ, ಕೆ.ಆರ್. ಸರ್ಕಲ್ಲಿನ ಟ್ರಾಫಿಕ್ ಇಲ್ಲ. ನೈಟ್ರೋಜನ್ ಆಕ್ಸೈಡ್ ಸುದ್ದಿಯೇ ಇಲ್ಲ. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಕಣಗಳನ್ನು ಯಾರೂ ಕೇಳುವುದಿಲ್ಲ. ಟೈರು, ಬ್ರೇಕು ಸವೆದು ಏಳುವ ಧೂಳಂತೂ ಸೈಲೆನ್ಸರ್‌ನಿಂದ ಬರುವುದೇ ಇಲ್ಲ. ಪಾಪ, ಪೈಪು ಎಲ್ಲಿಗೆ ತೂರಿಸುತ್ತಾರೆ?

ನನ್ನದು ಹಳೇ ಸ್ಕೂಟರ್. ಆರು ತಿಂಗಳಿಗೊಮ್ಮೆ ಹೋಗಬೇಕು. ಕಳೆದ ಸಲ ಸೆಂಟರಿನ ಹುಡುಗ ಪೈಪು ಮುಟ್ಟಲೇ ಇಲ್ಲ. ಫೋಟೋ ತೆಗೆದ, ಪ್ರಿಂಟ್ ಕೊಟ್ಟ.

"ಟೆಸ್ಟ್ ಮಾಡಲ್ವೇನಪ್ಪಾ?"

"ಯಾಕೆ ಸಾರ್, ಫೇಲ್ ಆಗ್ಬೇಕಾ?"

ಇಷ್ಟು ಕಾಳಜಿಯ ಮಾತು ನಾನು ಯಾವ ಡಾಕ್ಟರ ಬಾಯಲ್ಲೂ ಕೇಳಿಲ್ಲ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು ಈ ಸರ್ಟಿಫಿಕೇಟ್ ಇಲ್ಲದಿದ್ದರೆ ಹಾಕುವ ದಂಡ 10,000 ರೂಪಾಯಿವರೆಗೆ ಏರಿತು. ತಕ್ಷಣ ಊರಿಗೆಲ್ಲ ಪರಿಸರ ಪ್ರೇಮ ಹುಟ್ಟಿತು. ಸೆಂಟರುಗಳ ಮುಂದೆ ಉದ್ದುದ್ದ ಸಾಲು. ಸಾಲಿನಲ್ಲಿ ಎಂಜಿನ್ ಆಫ್ ಮಾಡಿದವರು ಎಷ್ಟು ಮಂದಿ ಅಂತ ಮಾತ್ರ ಕೇಳಬೇಡಿ.

ಟೆಸ್ಟಿಗಿಂತ ಧಾರಾಳಿ ನಮ್ಮ ಗಾಳಿಯ ಮಿತಿ. ಪಿಎಂ 2.5 ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಾವು 2009ರಲ್ಲಿ ಹಾಕಿಕೊಂಡ ಮಿತಿ 40. ಅದೇ ಇವತ್ತಿಗೂ ನಡೆಯುತ್ತಿದೆ. ಅಂದರೆ ನಮ್ಮ ಎದೆ ಎಂಟು ಪಟ್ಟು ಗಟ್ಟಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಪಡೆದ ಊರಿನವರು ನಾವು, ಸುಮ್ನೆ ಅಲ್ಲ.

ನನ್ನ ಸರ್ಟಿಫಿಕೇಟ್ ಈ ತಿಂಗಳು ಮುಗಿಯುತ್ತದೆ. ಗಾಡಿ ತರೋದೇ ಬೇಡ ಸಾರ್, ಫೋಟೋ ವಾಟ್ಸಾಪ್ ಮಾಡಿ ಸಾಕು ಅಂದಿದ್ದಾನೆ ಹುಡುಗ. ಹೋಗಿ ಬರುವ ಪೆಟ್ರೋಲ್ ಉಳಿಯಿತು. ಅಷ್ಟಾದರೂ ಹೊಗೆ ಕಡಿಮೆ ಆಯಿತಲ್ವಾ?