ಹೊರಗಿದ್ದು ಬರೆದವರ ಊರಿನಲ್ಲಿ

ಬಾರ್ಸಿಲೋನಾದಲ್ಲಿ ಅರಿಬಾವ್ ಅಂತ ಒಂದು ಉದ್ದನೆಯ ಬೀದಿ ಇದೆ. ಹನ್ನೊಂದು ವರ್ಷದಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಅದನ್ನು ದಾಟುತ್ತಿದ್ದೇನೆ. ಅದು ಯಾರ ಹೆಸರು ಅಂತ ಮೊದಲ ನಾಲ್ಕು ವರ್ಷ ನಾನು ಕೇಳಲೇ ಇಲ್ಲ. ಈ ಸೀಮೆಯ ಮಾತಾದ ಕತಲಾನ್ ಕಲಿಯೋಣ ಅಂತ ಸಂಜೆ ತರಗತಿಗೆ ಸೇರಿದ ಮೇಲೆ ಗೊತ್ತಾಯಿತು. ಅವತ್ತಿನಿಂದ ಆ ಬೀದಿ ನನಗೆ ಸ್ವಲ್ಪ ನಮ್ಮದೇ ಅನ್ನಿಸುತ್ತದೆ.

ಬೊನವೆಂತೂರಾ ಕಾರ್ಲಸ್ ಅರಿಬಾವ್ ಹುಟ್ಟಿದ್ದು 1798ರಲ್ಲಿ, ಇದೇ ಊರಲ್ಲಿ. ಆದರೆ ಹೊಟ್ಟೆಪಾಡು ಮ್ಯಾಡ್ರಿಡ್‌ನಲ್ಲಿ, ಒಬ್ಬ ಕತಲಾನ್ ಸಾಹುಕಾರನ ಹತ್ತಿರ. ಆ ಯಜಮಾನನನ್ನು ಗೌರವಿಸಲು 1833ರಲ್ಲಿ ಒಂದು ಪದ್ಯ ಬರೆದ. ಊರಿನ ಬೆಟ್ಟಗಳನ್ನು ಬಿಟ್ಟು ಬಂದವನ ಪದ್ಯ ಅದು. ನನ್ನ ಮೊದಲ ಅಳು ಕೇಳಿದ್ದು ಆ ಮಾತಿನಲ್ಲೇ, ದಿನಾ ದೇವರನ್ನು ಬೇಡಿಕೊಂಡಿದ್ದೂ ಆ ಮಾತಿನಲ್ಲೇ ಎಂಬ ಅರ್ಥದ ಸಾಲುಗಳು ಅದರಲ್ಲಿವೆ. ಬಾರ್ಸಿಲೋನಾದ ಒಂದು ಪತ್ರಿಕೆ ಅದನ್ನು ಅಚ್ಚು ಹಾಕಿತು. ಕತಲಾನ್ ಸಾಹಿತ್ಯದ ಹೊಸ ಕಾಲವನ್ನು, ಅಂದರೆ 'ರೆನಶೆನ್ಸ' ಎಂಬ ಮರುಹುಟ್ಟನ್ನು, ಜನ ಆ ಪದ್ಯದಿಂದಲೇ ಲೆಕ್ಕ ಹಾಕುತ್ತಾರೆ. ಅರಿಬಾವ್ ಆಮೇಲೆ ಕತಲಾನಿನಲ್ಲಿ ಬರೆದದ್ದು ತೀರಾ ಕಡಿಮೆ. ಹೆಚ್ಚಾಗಿ ದುಡಿದದ್ದು ಸ್ಪ್ಯಾನಿಷ್ ಹಳೆಯ ಗ್ರಂಥಗಳನ್ನು ಅಚ್ಚಿಗೆ ತರುವುದರಲ್ಲಿ.

ಒಂದು ಭಾಷೆಯ ಹೊಸ ಸಾಹಿತ್ಯಕ್ಕೆ ಹೊರನಾಡಿನಲ್ಲಿ ನೌಕರಿ ಮಾಡಿಕೊಂಡಿದ್ದವನ ಒಂದು ಪದ್ಯ ಆರಂಭದ ಕಲ್ಲು! ಇದನ್ನು ಕೇಳಿದ ದಿನ ನನಗೆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಅರಿಬಾವ್ ಬರೆಯುವ ಹೊತ್ತಿಗೆ ಕತಲಾನ್ ಮನೆಯ, ಸಂತೆಯ, ಹೊಲದ ಮಾತಾಗಿತ್ತು. 1716ರ ರಾಜಾಜ್ಞೆ ಬಂದ ಮೇಲೆ ಕಚೇರಿ, ಕೋರ್ಟುಗಳಿಂದ ಅದು ಹೊರಗೆ ಬಿದ್ದಿತ್ತು. ಹಾಗಾಗಿ ಇಲ್ಲಿನವರ ಮೊದಲ ಪ್ರಶ್ನೆ ಹೇಗೆ ಬರೆಯಬೇಕು ಅನ್ನುವುದಲ್ಲ. ಯಾವ ಭಾಷೆಯಲ್ಲಿ ಬರೆಯಬೇಕು ಅನ್ನುವುದು. ನಮ್ಮಲ್ಲಿ ನವ್ಯದವರು ನವೋದಯದವರ ಜೊತೆ ಜಗಳ ಆಡಿದರು, ಬಂಡಾಯದವರು ನವ್ಯದವರ ಜೊತೆ. ಜಗಳ ನಡೆದದ್ದು ಕನ್ನಡದ ಮನೆಯೊಳಗೇ. ಇಲ್ಲಿ ಮನೆಯೇ ಇರುತ್ತದೋ ಇಲ್ಲವೋ ಅನ್ನುವ ಚಿಂತೆ ಪ್ರತಿ ಚಳವಳಿಯ ಅಡಿಯಲ್ಲೂ ಇತ್ತು.

1859ರಲ್ಲಿ 'ಜೋಕ್ಸ್ ಫ್ಲೊರಾಲ್ಸ್' ಎಂಬ ಹಳೆಯ ಕಾವ್ಯಸ್ಪರ್ಧೆಗೆ ಬಾರ್ಸಿಲೋನಾದಲ್ಲಿ ಮತ್ತೆ ಜೀವ ಬಂತು. ಹೂವಿನ ಆಟಗಳು ಅಂತ ಅರ್ಥ. ಬಹುಮಾನ ಹಣವಲ್ಲ, ಹೂವು. ಎರಡು ಹೂವು ಲೋಹದ್ದು, ಒಂದು ನಿಜವಾದದ್ದು. ಮೂರು ಮುಖ್ಯ ಬಹುಮಾನ ಗೆದ್ದವರಿಗೆ ಒಂದು ಬಿರುದು. ಜಸಿಂತ್ ವೆರ್ದಗೇರ್ ಎಂಬ ಹಳ್ಳಿ ಹುಡುಗ, ಪಾದ್ರಿಯಾಗಲು ಓದುತ್ತಿದ್ದವನು, 1865ರಲ್ಲಿ ಬಹುಮಾನ ತಗೊಳ್ಳಲು ರೈತರ ಬಟ್ಟೆಯಲ್ಲೇ, ಉದ್ದ ಟೊಪ್ಪಿ ಹಾಕಿಕೊಂಡೇ ಬಂದ. 1877ರಲ್ಲಿ ಅವನ ಮಹಾಕಾವ್ಯಕ್ಕೂ ಅಲ್ಲೇ ಬಹುಮಾನ ಸಿಕ್ಕಿತು. ಅಡುಗೆಮನೆಯ ಮಾತು ಅಂದುಕೊಂಡಿದ್ದರಲ್ಲಿ ಮಹಾಕಾವ್ಯವೂ ಬರುತ್ತದೆ ಅಂತ ಊರಿಗೆಲ್ಲ ಗೊತ್ತಾಯಿತು.

ಆಮೇಲೆ 'ಮೊದರ್ನಿಸ್ಮ' ಎಂಬ ಹೊಸತನದ ಚಳವಳಿ ಬಂತು. ಸ್ಪ್ಯಾನಿಷ್‌ನಲ್ಲಿ ನಿಕರಾಗುವಾದ ಕವಿ ರುಬೇನ್ ದರಿಯೋ ಹೆಸರಿಗೆ ಅಂಟಿಕೊಂಡಿರುವ 'ಮೊದೆರ್ನಿಸ್ಮೊ' ಬೇರೆ, ಇದು ಬೇರೆ. ಮೊದಮೊದಲು ನಾನೂ ಎರಡನ್ನೂ ಒಂದೇ ಅಂದುಕೊಂಡಿದ್ದೆ. 1906ರ ಸುಮಾರಿಗೆ 'ನೌಸೆಂತಿಸ್ಮ' ಎಂಬ ಮುಂದಿನ ಚಳವಳಿ ಶುರುವಾಯಿತು. ಈ ಹೆಸರು ನನಗೆ ತುಂಬಾ ಇಷ್ಟ. 'ನೌಸೆಂತ್ಸ್' ಅಂದರೆ ಒಂಬೈನೂರು, 1900ರ ಕಾಲ. ಆದರೆ ಕತಲಾನಿನಲ್ಲಿ 'ನೌ' ಅಂದರೆ ಒಂಬತ್ತೂ ಹೌದು, ಹೊಸದೂ ಹೌದು. ತರಗತಿಯಲ್ಲಿ ಟೀಚರ್ ಇದನ್ನು ಹೇಳಿದಾಗ ನಾನು ಕೈ ಎತ್ತಿ, ನಮ್ಮಲ್ಲೂ ಹಾಗೇ ಅಂದೆ. ನವರಾತ್ರಿಯ ನವ ಒಂಬತ್ತು, ನವೋದಯದ ನವ ಹೊಸದು. ಬೋರ್ಡಿನ ಮೇಲೆ ಕನ್ನಡದಲ್ಲಿ 'ನವ' ಅಂತ ಬರೆದೆ. ತರಗತಿ ಮುಗಿಯುವವರೆಗೂ ಅವರು ಅದನ್ನು ಅಳಿಸಲಿಲ್ಲ.

ಹೆಸರಿನ ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಪೊಂಪೆವು ಫಾಬ್ರಾ ಎಂಬ ಭಾಷಾತಜ್ಞ ಮುಂದೆ ನಿಂತು ಕತಲಾನ್ ಕಾಗುಣಿತದ ನಿಯಮಗಳನ್ನು ತಂದದ್ದು 1913ರಲ್ಲಿ. ನಮ್ಮ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. ಎರಡು ಕಡೆಯವರಿಗೂ ಅದೇ ಆಸೆ, ಚೂರುಚೂರಾದ ಭಾಷೆಯನ್ನು ಒಂದು ಕಡೆ ಕೂರಿಸಬೇಕು. ಫಾಬ್ರಾ ಓದಿದ್ದು ಎಂಜಿನಿಯರಿಂಗ್. ಇದನ್ನು ನಮ್ಮ ಐಟಿ ಗೆಳೆಯರಿಗೆ ನಾನು ಬೇಕಂತಲೇ ಆಗಾಗ ಹೇಳುತ್ತಿರುತ್ತೇನೆ.

ಇದೇ ಹೊತ್ತಿಗೆ ಮ್ಯಾಡ್ರಿಡ್ ಕಡೆ ಏನು ನಡೆದಿತ್ತು? 1898ರಲ್ಲಿ ಸ್ಪೇನ್ ಕ್ಯೂಬಾ, ಪೋರ್ಟೊರಿಕೊ, ಫಿಲಿಪೈನ್ಸ್ ಎಲ್ಲವನ್ನೂ ಕಳೆದುಕೊಂಡಿತು. ಆಗಿನ ಸ್ಪ್ಯಾನಿಷ್ ಲೇಖಕರಾದ ಉನಮುನೊ, ಅಸೊರಿನ್, ಬರೋಖಾ, ಮಚಾದೊ ಇವರನ್ನೆಲ್ಲ '98ರ ತಲೆಮಾರು' ಅನ್ನುತ್ತಾರೆ. ಸ್ಪೇನ್ ಅಂದರೇನು, ನಮಗೆ ಏನಾಗಿ ಹೋಯಿತು ಅನ್ನುವುದು ಅವರ ಸಂಕಟ. ಅದೇ ವರ್ಷ ಬಾರ್ಸಿಲೋನಾದ ಜುವಾನ್ ಮರಗಾಲ್ ಸ್ಪೇನನ್ನೇ ಉದ್ದೇಶಿಸಿ ಕತಲಾನಿನಲ್ಲಿ ಪದ್ಯ ಬರೆದ, ಸ್ಪ್ಯಾನಿಷ್ ಅಲ್ಲದ ಮಾತಿನಲ್ಲಿ ಮಾತಾಡುವ ಮಗನ ದನಿಯನ್ನು ಕೇಳು ಅಂತ. ಪದ್ಯ ಮುಗಿಯುವುದು ಸ್ಪೇನಿಗೆ ವಿದಾಯ ಹೇಳಿ. ಒಂದೇ ಸೋಲು, ಎರಡು ಭಾಷೆಯಲ್ಲಿ ಎರಡು ಬಗೆಯ ನೋವು.

1898ರದೇ ಇನ್ನೊಂದು ಸಂಗತಿ ಹೇಳಲೇಬೇಕು. ಒಲೋತ್ ಎಂಬ ಊರಿನ ಹೂವಿನ ಆಟಗಳಲ್ಲಿ ಮಗುವನ್ನು ಕೊಂದ ತಾಯಿಯೊಬ್ಬಳ ಸ್ವಗತಕ್ಕೆ ಬಹುಮಾನ ಬಂತು. ಬರೆದವರು ಕಾತರೀನಾ ಆಲ್ಬೆರ್ತ್ ಎಂಬ ಹೆಂಗಸು ಅಂತ ಗೊತ್ತಾದಾಗ ದೊಡ್ಡ ಗದ್ದಲವಾಯಿತು. ಇಂಥದ್ದನ್ನು ಹೆಂಗಸು ಬರೆಯಬಹುದಾ ಅಂತ. ಆಮೇಲೆ ಆಕೆ ವಿಕ್ತೋರ್ ಕತಲಾ ಎಂಬ ಗಂಡಸಿನ ಹೆಸರು ಇಟ್ಟುಕೊಂಡು ಬರೆದರು. 1905ರ ಅವರ ಕಾದಂಬರಿ ಮೊದರ್ನಿಸ್ಮದ ದೊಡ್ಡ ಕೃತಿ. ಭಾಷೆಗೆ ಗೌರವ ಬೇಕು ಅಂತ ಹೋರಾಡುತ್ತಿದ್ದವರೇ ಆ ಭಾಷೆಯಲ್ಲಿ ಒಬ್ಬ ಹೆಂಗಸು ಬಾಯಿ ಬಿಟ್ಟರೆ ಬೆದರಿದರಲ್ಲ ಅಂತ ನನಗೆ ಇವತ್ತಿಗೂ ಬೇಜಾರು.

1939ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋ ಗೆದ್ದು ಸರ್ವಾಧಿಕಾರಿಯಾದ. ಕತಲಾನ್ ಶಾಲೆಯಿಂದ, ಪತ್ರಿಕೆಯಿಂದ, ಕಚೇರಿಯಿಂದ ಮತ್ತೆ ಹೊರಗೆ. ಬರೆಯುವವರು ಗಡಿ ದಾಟಿದರು. ಹೂವಿನ ಆಟಗಳೂ ಅವರ ಜೊತೆ ಹೊರಟವು! 1941ರಲ್ಲಿ ಬ್ಯೂನಸ್ ಐರಿಸ್, ಮರುವರ್ಷ ಮೆಕ್ಸಿಕೊ, ಹೀಗೆ ವರ್ಷಕ್ಕೊಂದು ಊರಿನಂತೆ 1977ರವರೆಗೆ ನಡೆದವು. ಸ್ವಂತ ಊರಿನಲ್ಲಿ ಮಾಡಲಾಗದ ಸ್ಪರ್ಧೆಯನ್ನು ಕಂಡ ಕಂಡ ಊರಿನಲ್ಲಿ ಮಾಡಿದರು.

1947ರಲ್ಲಿ ಲಂಡನ್, 48ರಲ್ಲಿ ಪ್ಯಾರಿಸ್, 49ರಲ್ಲಿ ಮೊಂತೆವಿದೆಯೊ. ಮೂರು ಕಡೆಯೂ ಗೆದ್ದು ಬಿರುದು ಪಡೆದವರು ಮೆರ್ಸೆ ರೊದೊರೆದಾ. ಆಗ ಅವರು ಫ್ರಾನ್ಸಿನಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದರು. ಮುಂದೆ ಜಿನೀವಾಕ್ಕೆ ಹೋದರು. ಅಲ್ಲಿ ಕೂತು ಬರೆದದ್ದೇ 'ಪ್ಲಾಸಾ ದೆಲ್ ದಿಯಮಾಂಟ್' ಕಾದಂಬರಿ. ನಾನಿರುವ ಗ್ರಾಸಿಯಾ ಬಡಾವಣೆಯ ಒಂದು ಸಣ್ಣ ಚೌಕದ ಹೆಸರು ಅದು. 1960ರಲ್ಲಿ ಒಂದು ದೊಡ್ಡ ಬಹುಮಾನಕ್ಕೆ ಕಳಿಸಿದರು, ಸಿಗಲಿಲ್ಲ. ತೀರ್ಪುಗಾರರಲ್ಲೊಬ್ಬರಾದ ಜುವಾನ್ ಫುಸ್ತೆರ್ ಪ್ರಕಾಶಕರೊಬ್ಬರಿಗೆ ಅದರ ಬಗ್ಗೆ ಹೇಳಿ, 1962ರಲ್ಲಿ ಪುಸ್ತಕ ಹೊರಬಂತು.

ಕತೆಯಲ್ಲಿ ದೊಡ್ಡ ಮಾತೇ ಇಲ್ಲ. ನತಾಲಿಯಾ ಎಂಬ ಹುಡುಗಿ ಎದುರು ಕೂತು ಹೇಳಿಕೊಂಡ ಹಾಗಿದೆ. ಗಂಡ ಅವಳ ಹೆಸರನ್ನೇ ಬದಲಿಸಿ ಪಾರಿವಾಳ ಅಂತ ಕರೆಯುತ್ತಾನೆ. ಮನೆ ತುಂಬಾ ಪಾರಿವಾಳ ಸಾಕುತ್ತಾನೆ, ಗಲೀಜು ತೆಗೆಯುವವಳು ಅವಳು. ಮೆಟ್ಟಿಲ ಗೋಡೆಯ ಮೇಲೆ ಯಾರೋ ಗೀಚಿದ ತಕ್ಕಡಿಯ ಚಿತ್ರವನ್ನು ಅವಳು ಹತ್ತುವಾಗ ಬೆರಳಿನಿಂದ ಮುಟ್ಟುತ್ತಾಳೆ. ಯುದ್ಧ ಬರುತ್ತದೆ, ಗಂಡ ಸಾಯುತ್ತಾನೆ, ಮಕ್ಕಳಿಗೆ ಅನ್ನ ಇರುವುದಿಲ್ಲ. ಕೊನೆಗೊಂದು ದಿನ ಅದೇ ಚೌಕಕ್ಕೆ ಬಂದು, ಎಷ್ಟೋ ವರ್ಷದಿಂದ ಒಳಗಿದ್ದ ಕೂಗನ್ನು ಕೂಗಿಬಿಡುತ್ತಾಳೆ. ಆ ಪುಟ ಓದಿ ನಾನು ಚೌಕಕ್ಕೆ ಇಳಿದು ಹೋದೆ. ಅಲ್ಲಿ ಅವಳದೊಂದು ಕಂಚಿನ ವಿಗ್ರಹ ಇದೆ, ಬಾಯಿ ತೆರೆದುಕೊಂಡು. ಮಕ್ಕಳು ಪಕ್ಕದಲ್ಲೇ ಚೆಂಡು ಆಡುತ್ತಿದ್ದರು. ಜಿನೀವಾದಲ್ಲಿದ್ದು ಈ ಕಲ್ಲು, ಈ ಬಾಗಿಲು ಎಲ್ಲವನ್ನೂ ಹೇಗೆ ಹಿಡಿದಿಟ್ಟುಕೊಂಡಿದ್ದರೋ ಆ ಮಹಾತಾಯಿ!

ದೇಶದೊಳಗೇ ಉಳಿದು ಸ್ಪ್ಯಾನಿಷ್‌ನಲ್ಲಿ ಬರೆದವರನ್ನು ನಾನು ಕಡೆಗಣಿಸುವುದಿಲ್ಲ. 1945ರಲ್ಲಿ ಬಂದ ಕಾರ್ಮೆನ್ ಲಫೊರೆತ್ ಅವರ ಮೊದಲ ಕಾದಂಬರಿ ನಡೆಯುವುದು ಅರಿಬಾವ್ ಬೀದಿಯ ಒಂದು ಮನೆಯಲ್ಲಿ. ಆಗ ಅವರಿಗೆ 23 ವರ್ಷ. ಯುದ್ಧದ ನಂತರದ ಹಸಿವು, ಧೂಳು, ಮನೆಯವರ ಕೂಗಾಟ ಎಲ್ಲ ಅದರಲ್ಲಿದೆ. ಇದೇ ಊರಿನ ಕಾದಂಬರಿಕಾರ ಹ್ವಾನ್ ಮರ್ಸೆಗೆ ಮನೆಯಲ್ಲಿ ಕತಲಾನ್, ಶಾಲೆಯಲ್ಲಿ ಸ್ಪ್ಯಾನಿಷ್. ಬರೆದದ್ದು ಸ್ಪ್ಯಾನಿಷ್‌ನಲ್ಲಿ. 2007ರಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳಕ್ಕೆ ಕತಲಾನ್ ಸಂಸ್ಕೃತಿ ವಿಶೇಷ ಅತಿಥಿಯಾಗಿ ಹೋದಾಗ ಇಂಥವರು ನಮ್ಮವರಾ ಅಲ್ವಾ ಅಂತ ದೊಡ್ಡ ಚರ್ಚೆಯಾಯಿತು. ಕೊನೆಗೆ ಹೋದವರು ಕತಲಾನಿನಲ್ಲಿ ಬರೆಯುವವರೇ. ಈ ವಿಷಯದಲ್ಲಿ ನಮ್ಮ ದಾರಿ ಚೆಂದ ಅನ್ನಿಸುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಕನ್ನಡದಲ್ಲಿ ಬರೆದರು, ಕನ್ನಡದವರಾದರು, ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಇಲ್ಲೂ ಈಗ ಅದೇ ದಾರಿ ತೆರೆದಿದೆ. ಮೊರಾಕೋದಲ್ಲಿ ಹುಟ್ಟಿದ ನಜಾತ್ ಎಲ್ ಹಶ್ಮಿ 2008ರಲ್ಲಿ ಕತಲಾನ್ ಕಾದಂಬರಿಗೆ ರಮೋನ್ ಲುಲ್ ಪ್ರಶಸ್ತಿ ಪಡೆದರು.

ಆದರೆ ಹೊರನಾಡಿನವರ ವಿಷಯದಲ್ಲಿ ನಾವು ಹಿಂದೆ ಬಿದ್ದಿದ್ದೇವೆ. ಹಿಂದೆ ಹೀಗಿರಲಿಲ್ಲ. ಯಶವಂತ ಚಿತ್ತಾಲರು ಮುಂಬೈಯಲ್ಲಿ ನೌಕರಿ ಮಾಡುತ್ತಾ ಬರೆದರು. ಎ.ಕೆ. ರಾಮಾನುಜನ್ ಶಿಕಾಗೋದಲ್ಲಿದ್ದುಕೊಂಡು ಕನ್ನಡ ಪದ್ಯ ಬರೆದರು. ಈಗ ನಮ್ಮ ಸಂಘಗಳಲ್ಲಿ ಹಬ್ಬ ಇದೆ, ಹೋಳಿಗೆ ಇದೆ, ಸಿನಿಮಾ ಹಾಡು ಇದೆ. ಅದೆಲ್ಲ ಬೇಕು, ನನಗೂ ಇಷ್ಟವೇ. ಆದರೆ ನಾವು ಇಲ್ಲಿ ಬದುಕುವ ಬದುಕಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದು ಓದುವುದು ಎಷ್ಟು ಕಡೆ ಇದೆ? ಇಲ್ಲಿನವರು ಗಡಿಪಾರಾದರೂ ಹೂವು ಕೊಡುವುದು ಬಿಡಲಿಲ್ಲ. ಅದೂ ಹಳೆಯ ಪದ್ಯ ಹಾಡಿದ್ದಕ್ಕಲ್ಲ, ಹೊಸದಾಗಿ ಬರೆದದ್ದಕ್ಕೆ.

ನಮ್ಮ ಎದುರು ಮನೆಯ ಅಜ್ಜಿ ಒಮ್ಮೆ ತಮ್ಮ ಅಡುಗೆ ಪುಸ್ತಕ ತೋರಿಸಿದರು. ಎಣ್ಣೆ ಕಲೆಯ ನೋಟ್‌ಬುಕ್ಕು. ಮೊದಲ ಅರ್ಧ ಸ್ಪ್ಯಾನಿಷ್‌ನಲ್ಲಿದೆ. ಬಾಯಲ್ಲಿ ಬರುತ್ತಿದ್ದದ್ದು ಕತಲಾನೇ, ಆದರೆ ಶಾಲೆಯಲ್ಲಿ ಅದನ್ನು ಬರೆಯಲು ಕಲಿಸಿರಲಿಲ್ಲ. ಫ್ರಾಂಕೋ ಸತ್ತ ಮೇಲೆ ರಾತ್ರಿ ತರಗತಿಗೆ ಹೋಗಿ ಕಾಗುಣಿತ ಕಲಿತರಂತೆ. ನೋಟ್‌ಬುಕ್ಕಿನ ನಡುವೆ, ಬಾದಾಮಿಯ ಪನಲ್ಲೆತ್ ಎಂಬ ಸಿಹಿಯ ಪುಟದಿಂದ ಭಾಷೆ ಬದಲಾಗುತ್ತದೆ. ಅಕ್ಷರ ದೊಡ್ಡದು, ಮಕ್ಕಳು ಬರೆದ ಹಾಗೆ. ಒಂದೆರಡು ಕಡೆ ಹೊಡೆದುಹಾಕಿ ತಿದ್ದಿದ್ದಾರೆ. ಆ ಪುಟದ ಮೇಲೆ ಕೈ ಇಟ್ಟುಕೊಂಡು ಅವರು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು.

ಅದನ್ನು ನೋಡಿ ಬಂದ ಮೇಲೆ ನಮ್ಮ ಗುಂಪಿನವರಿಗೆ ಹೇಳಿದೆ, ಏಪ್ರಿಲ್ 23ಕ್ಕೆ ಎಲ್ಲರೂ ಒಂದು ಪುಟ ಕನ್ನಡ ಬರೆದು ತನ್ನಿ ಅಂತ. ಅವತ್ತು ಸಂತ್ ಜೋರ್ದಿ ಹಬ್ಬ, ಊರಿನವರೆಲ್ಲ ಒಬ್ಬರಿಗೊಬ್ಬರು ಪುಸ್ತಕ, ಗುಲಾಬಿ ಕೊಡುವ ದಿನ. ಏಳು ಪುಟ ಬಂದವು. ಒಂದು ಪುಟ ಬಳ್ಳಾರಿಯ ಒಬ್ಬ ನರ್ಸ್ ಬರೆದದ್ದು, ರಾತ್ರಿ ಪಾಳಿಯಲ್ಲಿ ಒಬ್ಬ ಮುದುಕ ಕತಲಾನಿನಲ್ಲಿ ಅಮ್ಮನನ್ನು ಕರೆದದ್ದರ ಬಗ್ಗೆ. ಲ, ಳ ಅಲ್ಲಲ್ಲಿ ಅದಲುಬದಲಾಗಿದ್ದವು. ನಾವು ತಿದ್ದಲಿಲ್ಲ. ಗುಲಾಬಿ ಅವರಿಗೇ ಕೊಟ್ಟೆವು.